ಕ್ರಿಸ್‌ಮಸ್ ರಜೆಯೂ ಕೊಯ್ಲಿನ ಕಾಲವೂ: ಮಕ್ಕಳ ಕಲಿಕೆಗೆ ಮನೆಯವರು ಮಾಡಬಹುದಾದದ್ದು

ಡಿಸೆಂಬರ್ ತಿಂಗಳ ಕೊನೆಯ ವಾರವೆಂದರೆ ನಮ್ಮ ಬೆಳೆಗಾರರಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲದ ಕಾಲ. ಅರೇಬಿಕಾ ಕೊಯ್ಲು ಮುಗಿಯುವ ಹಂತದಲ್ಲಿರುತ್ತದೆ. ರೋಬಸ್ಟಾ ಬಣ್ಣ ತಿರುಗಲು ತೊಡಗಿರುತ್ತದೆ. ಅಡಿಕೆ ತೋಟದಲ್ಲಿ ಕೊನೆಗಾರನ ದಾರಿ ಕಾಯಬೇಕು. ಮನೆಯಂಗಳದಲ್ಲಿ ಸುಲಿಯುವ, ಬೇಯಿಸುವ, ಒಣಗಿಸುವ ಕೆಲಸ ಒಂದರ ಮೇಲೊಂದು ಬಿದ್ದಿರುತ್ತದೆ. ಸರಿಯಾಗಿ ಇದೇ ವಾರದಲ್ಲಿ ಬೆಂಗಳೂರಿನಿಂದ ಮೊಮ್ಮಕ್ಕಳು ಬಂದಿಳಿಯುತ್ತಾರೆ. ‘ಈ ಗಡಿಬಿಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು?’ ಎಂದು ಗೊಣಗುವ ಮನೆಗಳೂ ಉಂಟು. ಆದರೆ ಇಷ್ಟು ಒಳ್ಳೆಯ ಪಾಠದ ಕಾಲ ವರ್ಷದಲ್ಲಿ ಮತ್ತೊಂದಿಲ್ಲವೆಂಬುದನ್ನು ನಾವು ಗಮನಿಸಬೇಕು.

ಈ ರಜೆ ಎಲ್ಲಿಂದ ಬಂತು?

ನಮ್ಮ ಊರಿನ ಸರ್ಕಾರಿ ಶಾಲೆಗೆ ದೊಡ್ಡ ರಜೆ ಎಂದರೆ ದಸರೆ ಮತ್ತು ಬೇಸಿಗೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಹಬ್ಬದ ದಿನ ಬಿಟ್ಟರೆ ತರಗತಿಗಳು ನಡೆಯುತ್ತಲೇ ಇರುತ್ತವೆ. ಬೆಂಗಳೂರಿನ ಪೂರ್ವಭಾಗದ ಕಥೆ ಬೇರೆ. ಬ್ರಿಟಿಷರು ೧೮೦೯ರಲ್ಲಿ ಅಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದರು. ಅದರೊಡನೆ ಇಗರ್ಜಿಗಳೂ ಅವುಗಳ ಆಶ್ರಯದ ಶಾಲೆಗಳೂ ಬಂದವು. ಸಂತ ಜೋಸೆಫರ ಶಾಲೆ ೧೮೫೮ರಲ್ಲಿ, ಬಿಷಪ್ ಕಾಟನ್ ಶಾಲೆ ೧೮೬೫ರಲ್ಲಿ, ಬಾಲ್ಡ್‌ವಿನ್ ಶಾಲೆ ೧೮೮೦ರಲ್ಲಿ ಆರಂಭವಾದವು. ಇಂಥ ಶಾಲೆಗಳು ದಸರಾ ರಜೆಯಲ್ಲಿ ಕೆಲವು ದಿನ ಉಳಿಸಿಕೊಂಡು ಕ್ರಿಸ್‌ಮಸ್ ಸಮಯದಲ್ಲಿ ಬಿಡುವು ಕೊಡುವ ಪದ್ಧತಿ ಇದೆ. ದಂಡು ಪ್ರದೇಶವು ೧೯೪೭ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿ, ೧೯೪೯ರಲ್ಲಿ ನಗರದೊಡನೆ ಒಂದೇ ಕಾರ್ಪೊರೇಷನ್ನಿಗೆ ಸೇರಿತು. ರಜೆಯ ರೂಢಿ ಮಾತ್ರ ಉಳಿದುಕೊಂಡಿತು.

ಆ ಭಾಗದಲ್ಲಿ ವಿದ್ಯಾದಾನ ಮಾಡಿದವರು ಇಗರ್ಜಿಯವರು ಮಾತ್ರವಲ್ಲ. ಬಡತನದಲ್ಲಿ ಬೆಳೆದು, ದುಡಿದು ಗುತ್ತಿಗೆದಾರರಾಗಿ ಅಠಾರಾ ಕಚೇರಿಯನ್ನು ಕಟ್ಟಿದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ೧೮೭೩ರಲ್ಲಿ ಬಡಮಕ್ಕಳಿಗಾಗಿ ಉಚಿತ ಶಾಲೆಯೊಂದನ್ನು ತೆರೆದರು. ಅವರ ಹೆಸರಿನ ಧರ್ಮಸಂಸ್ಥೆಯ ಶಾಲೆಗಳು ಇಂದಿಗೂ ನಡೆಯುತ್ತಿವೆ. ದುಡಿದವನು ಊರಿನ ಮಕ್ಕಳ ಓದಿಗೆ ಕೈಹಾಕಿದ ಈ ಉದಾಹರಣೆ ಸಹಕಾರಿಗಳಾದ ನಮಗೆ ನೆನಪಿರತಕ್ಕದ್ದು.

ಅಲ್ಲಿನ ಮಗು, ಇಲ್ಲಿನ ತೋಟ

ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳಲ್ಲಿ ನೆಲೆಸಿದ ನಮ್ಮವರ ಮಕ್ಕಳು ತರಗತಿಯಲ್ಲಿ ಇಂಗ್ಲಿಷ್, ಆಟದ ಬಯಲಿನಲ್ಲಿ ತಮಿಳು, ಉರ್ದು, ತೆಲುಗು, ಹಿಂದಿ ಕೇಳುತ್ತ ಬೆಳೆಯುತ್ತಾರೆ. ಇದು ದೊಡ್ಡ ಸಂಪತ್ತು. ೨೦೧೫ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಆದ್ದರಿಂದ ಅಕ್ಷರ ಬರುತ್ತದೆ. ಆದರೆ ಕಣ, ಕೊನೆ, ಚೊಗರು, ಗೊರಬಲು ಎಂಬ ಮಾತುಗಳು ಪಠ್ಯಪುಸ್ತಕದಲ್ಲಿ ಸಿಗುವಂಥವಲ್ಲ. ಅವನ್ನು ಅಜ್ಜ, ಅಜ್ಜಿಯರೇ ಹೇಳಿಕೊಡಬೇಕು. ಹತ್ತು ವರ್ಷದ ಮಗುವಿಗೆ ಇಂದು ಇವು ತಿಳಿಯದಿದ್ದರೆ, ಇಪ್ಪತ್ತು ವರ್ಷದ ಮೇಲೆ ತೋಟದ ಕಾಗದ ಕೈಗೆ ಬಂದಾಗ ಅದಕ್ಕೆ ಕಾಣುವುದು ಜಮೀನಿನ ಬೆಲೆಯೊಂದೇ.

ಹತ್ತು ದಿನದ ಪಾಠ

ಮಗು ಬಂದ ದಿನವೇ ಹತ್ತು ಕಿಲೋ ಅರೇಬಿಕಾ ಹಣ್ಣನ್ನು ಅದರ ಕೈಯಿಂದಲೇ ತೂಗಿಸಿ ಬೇರೆ ಇಡಿ. ಪಲ್ಪಿಂಗ್ ಆದ ಮೇಲೆ ಲೋಳೆ ಕೊಳೆಯುವುದನ್ನು ನೋಡಲಿ. ಕೈಯಲ್ಲಿ ತಿಕ್ಕಿದಾಗ ಕಾಳು ಜಾರದೆ ಮರಳಿನಂತೆ ತರಿತರಿಯಾದರೆ ತೊಳೆಯುವ ಹೊತ್ತಾಯಿತೆಂದು ಬೆರಳೇ ಕಲಿಯುತ್ತದೆ. ಒಳ್ಳೆಯ ಬಿಸಿಲಿದ್ದರೆ ಪಾರ್ಚ್‌ಮೆಂಟ್ ಒಣಗಲು ೭ರಿಂದ ೧೦ ದಿನ ಸಾಕು. ಹೆಚ್ಚುಕಡಿಮೆ ರಜೆಯಷ್ಟೇ ಅವಧಿ! ದಿನಾ ಸಂಜೆ ತೂಗಿ ಪುಸ್ತಕದಲ್ಲಿ ಬರೆಯಿಸಿ. ಹತ್ತು ಕಿಲೋ ಹಣ್ಣು ಕೊನೆಗೆ ಎಷ್ಟಾಯಿತು, ಶೇಕಡಾ ಎಷ್ಟು ಇಳಿಯಿತು ಎಂಬ ಲೆಕ್ಕವನ್ನು ಮಗುವೇ ಮಾಡಲಿ. ಚೆರ್ರಿ ಒಣಗಲು ೧೨ರಿಂದ ೧೫ ದಿನ ಬೇಕಾಗುವುದರಿಂದ ಅದರ ಕೊನೆಯ ತೂಕವನ್ನು ಶಾಲೆ ತೆರೆದ ಮೇಲೆ ಫೋನಿನಲ್ಲಿ ತಿಳಿಸಿ. ತೋಟದ ನೆನಪು ಬೆಂಗಳೂರಿನಲ್ಲೂ ಮುಂದುವರಿಯುತ್ತದೆ.

ದೊಡ್ಡ ಮಕ್ಕಳಿಗೆ ನಲವತ್ತು ಲೀಟರಿನ ಫೋರ್ಲಿಟ್ ಅಳತೆ ತೋರಿಸಿ. ಎರಡು ದಿನ ಒಂದೇ ತೂಕ ಬಂದರೆ ಒಣಗಿತೆಂದು ನಾವು ಏಕೆ ತೀರ್ಮಾನಿಸುತ್ತೇವೆ ಎಂದು ಕೇಳಿ. ನೀರಿನ ಅಂಶದ ವಿಜ್ಞಾನ ಅಲ್ಲೇ ಇದೆ. ಅಡಿಕೆಯ ಮನೆಯಲ್ಲಿ ರಾಶಿ, ಬೆಟ್ಟೆ, ಗೊರಬಲುಗಳನ್ನು ಬೇರ್ಪಡಿಸುವ ಆಟ ಆಡಿಸಿ. ಸಂಜೆ ಕೂಲಿಯ ಪಟ್ಟಿ ಓದಿಸಿ: ಯಾರು ಎಷ್ಟು ಕಿಲೋ ಕುಯ್ದರು, ಕಿಲೋಗೆ ಎಷ್ಟರಂತೆ ಎಷ್ಟಾಯಿತು. ರಾತ್ರಿ ಊಟವಾದ ಮೇಲೆ ಬಾಬಾಬುಡನರ ಏಳು ಬೀಜದ ಕಥೆ ಇದ್ದೇ ಇದೆ. ೧೯೯೬ರಲ್ಲಿ ಕೊನೆಗೊಂಡ ಪೂಲ್ ಪದ್ಧತಿಯ ಕಾಲದಲ್ಲಿ ಕಾಫಿ ಹಣಕ್ಕಾಗಿ ಹೇಗೆ ಕಾಯಬೇಕಿತ್ತೆಂಬುದನ್ನೂ ಹೇಳಿ.

ಎಚ್ಚರಿಕೆಯೂ ಅಷ್ಟೇ ಅಗತ್ಯ. ಪಲ್ಪರಿನ ಬೆಲ್ಟ್, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಬೇಯಿಸುವ ಹಂಡೆ, ಔಷಧಿ ಇಟ್ಟ ಕೋಣೆ, ಕೆರೆಯ ದಂಡೆ, ಈ ಐದೂ ಕಡೆ ದೊಡ್ಡವರಿಲ್ಲದೆ ಮಕ್ಕಳು ಸುಳಿಯಕೂಡದು.

ಇನ್ನೊಬ್ಬರ ಮಕ್ಕಳು

ಇಲ್ಲಿ ಒಂದು ಕಹಿ ಮಾತನ್ನೂ ಹೇಳಲೇಬೇಕು. ನಮ್ಮ ಮೊಮ್ಮಗ ಸಂತೋಷಕ್ಕೆ ಹಣ್ಣು ಕುಯ್ಯುವ ಅದೇ ಸಾಲಿನಲ್ಲಿ, ಕೆಲಸಕ್ಕೆ ಬಂದವರ ಮಗಳು ಶಾಲೆ ತಪ್ಪಿಸಿಕೊಂಡು ತಾಯಿಯ ಚೀಲ ತುಂಬುತ್ತಿರಬಹುದು. ಅವಳ ಶಾಲೆಗೆ ಆ ವಾರ ರಜೆಯಿಲ್ಲ. ದೂರದ ಜಿಲ್ಲೆಗಳಿಂದ, ಹೊರರಾಜ್ಯಗಳಿಂದ ಕೊಯ್ಲಿಗೆ ಬರುವ ಕುಟುಂಬಗಳ ಮಕ್ಕಳಿಗಂತೂ ಇಡೀ ಹಂಗಾಮಿನ ಪಾಠ ಹೋಗುತ್ತದೆ.

ಕಾನೂನು ಸ್ಪಷ್ಟವಾಗಿದೆ. ೧೯೮೬ರ ಬಾಲಕಾರ್ಮಿಕ ಕಾಯ್ದೆಗೆ ೨೦೧೬ರಲ್ಲಿ ಆದ ತಿದ್ದುಪಡಿಯ ಪ್ರಕಾರ ೧೪ ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಮಗು ತನ್ನ ಸ್ವಂತ ಕುಟುಂಬದ ಕಸುಬಿನಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ, ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ ನೆರವಾಗಬಹುದು. ಅದರಿಂದ ಓದಿಗೆ ತೊಂದರೆಯಾಗಬಾರದು. ನಮ್ಮ ತೋಟ ನಮ್ಮ ಮೊಮ್ಮಗನಿಗೆ ಕುಟುಂಬದ ಕಸುಬು. ಕಾರ್ಮಿಕನ ಮಗಳಿಗೆ ಅಲ್ಲ. ತಪ್ಪಿದ ಮಾಲೀಕನಿಗೆ ೬ ತಿಂಗಳಿಂದ ೨ ವರ್ಷದವರೆಗೆ ಸೆರೆ, ಅಥವಾ ೨೦,೦೦೦ದಿಂದ ೫೦,೦೦೦ ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ದಂಡದ ಭಯ ಹಾಗಿರಲಿ. ಒಂದೇ ಸಾಲಿನಲ್ಲಿ ನಿಂತ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಆಟ, ಇನ್ನೊಬ್ಬರಿಗೆ ದುಡಿಮೆ ಎಂಬುದು ನಮಗೆ ಶೋಭೆಯಲ್ಲ. ನಮ್ಮ ಮಗು ಅದನ್ನೂ ನೋಡಿ ಕಲಿಯುತ್ತದೆ.

ಪರಿಹಾರ ಕಷ್ಟವೇನಲ್ಲ. ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಂತೆ ೬ರಿಂದ ೧೪ ವರ್ಷದ ಮಗು ವರ್ಷದ ನಡುವೆ ಬಂದರೂ, ವರ್ಗಾವಣೆ ಪತ್ರ ಕೈಯಲ್ಲಿ ಇಲ್ಲದಿದ್ದರೂ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಕೆಲಸದವರು ಬಂದ ವಾರವೇ ಮಕ್ಕಳನ್ನು ಕರೆದುಕೊಂಡು ಮುಖ್ಯೋಪಾಧ್ಯಾಯರನ್ನು ಕಾಣಿ; ಶಾಲಾ ಅಭಿವೃದ್ಧಿ ಸಮಿತಿಯವರಿಗೂ ತಿಳಿಸಿ. ನಾಲ್ಕೈದು ಸಣ್ಣ ಬೆಳೆಗಾರರು ಸೇರಿ ಬೆಳಗ್ಗೆ ಒಂದು ಜೀಪಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡಿಸಬಹುದು. ಕೈಗೂಸುಗಳನ್ನು ನೋಡಿಕೊಳ್ಳಲು ಹಿರಿಯ ಹೆಂಗಸೊಬ್ಬರಿಗೆ ದಿನಗೂಲಿ ಕೊಟ್ಟು ನೇಮಿಸಬಹುದು. ಖರ್ಚು ಹಂಚಿಕೊಂಡರೆ ಒಬ್ಬೊಬ್ಬರಿಗೆ ಬೀಳುವುದು ಅಲ್ಪ. ತಾಯಂದಿರು ನಿಶ್ಚಿಂತೆಯಿಂದ ಕುಯ್ದರೆ ಲಾಭ ನಮಗೂ ಇದೆ.

ನಾವು ಅಲ್ಲಿಗೆ ಹೋದಾಗ

ಕಲಿಕೆ ಎರಡೂ ಕಡೆಯಿಂದ ಆಗಲಿ. ಕೊಯ್ಲು ಮುಗಿದ ಮೇಲೆ ಬೆಂಗಳೂರಿಗೆ ಹೋದಾಗ ಮನೆಯೊಳಗೆ ಟಿ.ವಿ. ಮುಂದೆ ಕೂರಬೇಡಿ. ೨೦೨೩ರ ಅಕ್ಟೋಬರಿನಿಂದ ಕೃಷ್ಣರಾಜಪುರದಿಂದಲೇ ಮೆಟ್ರೋ ರೈಲು ಹತ್ತಿ ಇಂದಿರಾನಗರ, ಹಲಸೂರು ದಾಟಿ ಕಬ್ಬನ್ ಪಾರ್ಕಿಗೆ ಹೋಗಬಹುದು. ಅಲ್ಲಿ ೧೯೬೨ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಯಂತ್ರಗಳನ್ನು ಮಗು ನಿಮಗೆ ವಿವರಿಸಲಿ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಕಂಬಗಳನ್ನು ನೀವು ಮಗುವಿಗೆ ತೋರಿಸಿ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಹಣ್ಣು, ತರಕಾರಿಯ ದರ ಬರೆದುಕೊಳ್ಳಲಿ. ಕಾಫಿಪುಡಿ ಅಂಗಡಿಯ ದರವನ್ನೂ ಬರೆಯಿಸಿ, ನಮಗೆ ಚೀಲಕ್ಕೆ ಸಿಕ್ಕಿದ ದರದ ಪಕ್ಕದಲ್ಲಿಡಿ. ನಡುವಿನ ಅಂತರ ಎಲ್ಲಿ ಹೋಯಿತೆಂದು ಮಗು ಕೇಳಿಯೇ ಕೇಳುತ್ತದೆ. ಸಹಕಾರ ಸಂಘ ಏಕೆ ಬೇಕೆಂಬುದರ ಮೊದಲ ಪಾಠ ಆ ಪ್ರಶ್ನೆಯಲ್ಲಿದೆ.

ಬೆಳೆಗಾರ ಬಂಧುಗಳು ಈ ಬಾರಿ ಮೊಮ್ಮಕ್ಕಳು ಬರುವ ಮೊದಲೇ ಒಂದು ನೋಟ್‌ಪುಸ್ತಕವನ್ನೂ ಒಂದು ಸಣ್ಣ ತಕ್ಕಡಿಯನ್ನೂ ಸಿದ್ಧವಾಗಿಡಿ. ತೋಟದ ಲೈನಿನಲ್ಲಿರುವ ಮಕ್ಕಳಿಗೂ ಒಂದೊಂದು ಪುಸ್ತಕ ತನ್ನಿ.