ಏಷ್ಯಾದ ಊಟ, ಆರ್.ಟಿ. ನಗರದ ಪ್ರಶ್ನೆ

“ಅಮ್ಮೀ, ಈ ಭಾನುವಾರ ಬಿರಿಯಾನಿ ಬೇಡ.”

ಪಿಯುಸಿ ಓದುತ್ತಿರುವ ಮಗಳು ಹೀಗೆಂದಾಗ ಅತ್ತೆಯವರು ತಸ್ಬೀಹ್ ನಿಲ್ಲಿಸಿ ಒಮ್ಮೆ ಅವಳ ಮುಖ ನೋಡಿದರು. ತಿಂಗಳಿಗೊಮ್ಮೆ, ಸಂಬಳ ಬಂದ ವಾರದಲ್ಲಿ ಎಲ್ಲರೂ ಕೂಡಿ ಹೊರಗೆ ಊಟ ಮಾಡುವುದು ನಮ್ಮ ಮನೆಯ ರೂಢಿ. ಊಟವೆಂದರೆ ಬಿರಿಯಾನಿ, ಕಬಾಬ್, ಮಕ್ಕಳಿಗೆ ಫಾಲೂದ. ವರ್ಷಗಳಿಂದ ಇದರಲ್ಲಿ ಬದಲಾವಣೆಯಿರಲಿಲ್ಲ. ಆದರೆ ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿಗಳನ್ನು ನೋಡಿ ನೋಡಿ ಮಗಳಿಗೆ ಅಲ್ಲಿಯವರು ಬಟ್ಟಲಿನಿಂದ ಸುರ್ರೆಂದು ಎಳೆದುಕೊಳ್ಳುವ ನೂಡಲ್ಸೇ ಬೇಕಾಗಿತ್ತು.

ನಾವಿರುವುದು ಆರ್.ಟಿ. ನಗರದ ಒಳಗಿನ ಒಂದು ಅಡ್ಡರಸ್ತೆಯಲ್ಲಿ. ಆರ್.ಟಿ. ಎಂದರೆ ರವೀಂದ್ರನಾಥ ಠಾಗೋರ್ ಎಂಬುದು ನನ್ನ ತರಗತಿಯ ಅರ್ಧದಷ್ಟು ಮಕ್ಕಳಿಗೆ ತಿಳಿಯದು. 1913ರಲ್ಲಿ ನೊಬೆಲ್ ಬಹುಮಾನ ಪಡೆದ ಮೊದಲ ಏಷ್ಯನ್ ಅವರು. 1916ರಲ್ಲಿ ಜಪಾನಿಗೂ 1924ರಲ್ಲಿ ಚೀನಾಕ್ಕೂ ಹೋಗಿಬಂದವರು. ಅವರ ಹೆಸರಿನ ಬಡಾವಣೆಯವರು ಚೀನಾ, ಜಪಾನಿನ ಊಟ ಹುಡುಕಿಕೊಂಡು ಹೊರಟರೆ ತಪ್ಪೇನು ಎಂದು ನಾನೂ ಹೂಂ ಎಂದೆ.

ಹೋದದ್ದು ನಮ್ಮ ಉತ್ತರ ಬೆಂಗಳೂರಿನದೇ ಒಂದು ಹೋಟೆಲಿಗೆ. ಹೆಸರು ಬೇಡ. ಕೆಂಪು ಕಾಗದದ ದೀಪಗಳು, ತಣ್ಣನೆಯ ಕೋಣೆ. ಪಕ್ಕದ ಮೇಜಿನಲ್ಲಿ ಬುರ್ಖಾ ಧರಿಸಿದ ಇಬ್ಬರು ಹೆಣ್ಣುಮಕ್ಕಳು ಕುಳಿತಿದ್ದರು. ಅವರನ್ನು ಕಂಡೇ ನನ್ನ ಮನಸ್ಸು ನಿರಾಳವಾಯಿತು. ಅವರೂ ನಮ್ಮನ್ನು ಕಂಡು ಹಾಗೆಯೇ ನಿರಾಳವಾಗಿರಬಹುದು ಎಂಬುದು ಆಗ ಹೊಳೆಯಲಿಲ್ಲ. ಕೋಳಿಯ ಡಂಪ್ಲಿಂಗ್, ನೂಡಲ್ಸ್ ಸೂಪ್ ತರಿಸಿದೆವು. ಅರ್ಧ ತಿಂದ ಮೇಲೆ ಮಗಳು ಮೆನು ಕಾರ್ಡಿನ ಹಿಂಬದಿ ತಿರುಗಿಸಿದಳು. ಅಲ್ಲಿ ಹಂದಿ ಮಾಂಸದ ಅಡುಗೆಗಳ ಒಂದು ಸಾಲೇ ಇತ್ತು. ನನ್ನವರು ಸಪ್ಲೈಯರ್ ಹುಡುಗನನ್ನು ಕರೆದು ವಿಚಾರಿಸಿದರು. ಅವನು ಯಾವುದನ್ನೂ ಮುಚ್ಚಿಡಲಿಲ್ಲ. ಬಾಣಲೆ ಒಂದೇ, ಎಣ್ಣೆ ಒಂದೇ, ಹಬೆಯ ಬುಟ್ಟಿಯೂ ಒಂದೇ. “ನೀವು ಮೊದಲೇ ಕೇಳಲಿಲ್ಲವಲ್ಲ ಮೇಡಂ” ಎಂದ.

ಪೂರ್ತಿ ಬಿಲ್ ಕೊಟ್ಟು ಎದ್ದು ಬಂದೆವು. ಆಟೋದಲ್ಲಿ ಮಗಳು ಅಳುತ್ತಿದ್ದಳು. “ಗೊತ್ತಿಲ್ಲದೆ ತಿಂದದ್ದಮ್ಮಾ, ಅಲ್ಲಾಹನು ಕ್ಷಮಿಸುವವನು” ಎಂದು ಅತ್ತೆ ಅವಳ ತಲೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, “ನೀನು ಓದಿದವಳು. ನೀನಾದರೂ ಕೇಳಬೇಕಿತ್ತು” ಎಂದರು. ಮದ್ರಸದಲ್ಲಿ ಫಿಕ್‌ಹ್ ಓದಿ, ಈಗ ಮಕ್ಕಳಿಗೆ ಅದನ್ನೇ ಕಲಿಸುತ್ತಿರುವ ನನಗೆ ಆ ಮಾತಿಗೆ ಉತ್ತರವಿರಲಿಲ್ಲ.

ಯಾಕೆ ಕೇಳಲಿಲ್ಲ? ನಾಚಿಕೆ, ಬೇರೇನಿಲ್ಲ. ಪಕ್ಕದ ಮೇಜಿನವರು ಏನೆಂದುಕೊಂಡಾರು, ಹೋಟೆಲಿನವರು ಇವರದೊಂದು ರಗಳೆ ಎಂದಾರು ಎಂಬ ಸಂಕೋಚ. 2022ರ ಯುಗಾದಿಯ ದಿನಗಳಲ್ಲಿ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸದ ಬಹಿಷ್ಕಾರದ ಕೂಗೆದ್ದ ಮೇಲಂತೂ ನಾಲ್ಕು ಜನರ ಮುಂದೆ ಆ ಶಬ್ದವನ್ನು ಉಚ್ಚರಿಸುವುದೇ ಭಾರವಾಗಿಬಿಟ್ಟಿದೆ. ನನ್ನಂತೆಯೇ ಸುಮ್ಮನೆ ಕುಳಿತು ತಿಂದು ಬರುವ ಅಥವಾ ಆಸೆಯಿದ್ದೂ ಹೋಗದೆ ಮನೆಯಲ್ಲೇ ಉಳಿಯುವ ಸಹೋದರಿಯರು ಎಷ್ಟೋ ಮಂದಿ ಇದ್ದಾರೆ. ಅದಾದ ಮೇಲಿನ ಕೆಲವು ತಿಂಗಳು ಬಿಡುವಾದಾಗಲೆಲ್ಲ ನಾನೂ ಮಗಳೂ ನಮ್ಮ ಸುತ್ತಮುತ್ತ ಸುತ್ತಿ, ಕೇಳಿ, ತಿಂದು ನೋಡಿದೆವು. ಕಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮನೆಯ ಹತ್ತಿರದಿಂದಲೇ ಶುರು ಮಾಡೋಣ. ಆರ್.ಟಿ. ನಗರದ ಮುಖ್ಯರಸ್ತೆ, ಸುಲ್ತಾನಪಾಳ್ಯ, ಕಾವಲ್ ಬೈರಸಂದ್ರದ ಕಡೆ ಮಗ್ರಿಬ್ ಆಗುತ್ತಿದ್ದಂತೆ ಬಾಣಲೆಗಳ ಸದ್ದು ಏಳುತ್ತದೆ. ಫ್ರೈಡ್ ರೈಸ್, ನೂಡಲ್ಸ್, ಚಿಲ್ಲಿ ಚಿಕನ್, ಗೋಬಿ ಮಂಚೂರಿ. ಅಂಗಡಿಗಳಲ್ಲಿ ಎಷ್ಟೋ ನಮ್ಮವರದೇ. ಕೋಳಿಯೂ ಪಕ್ಕದ ಅಂಗಡಿಯದು. ಇಲ್ಲಿ ಹಲಾಲಿನ ಚಿಂತೆ ಕಡಿಮೆ. ಆದರೆ ಇದು ಚೀನಾದ ಊಟವೇ ಎಂದರೆ ಅಲ್ಲ. ಚಿಕನ್ ಮಂಚೂರಿಯನ್ನು 1975ರಲ್ಲಿ ಮುಂಬಯಿಯಲ್ಲಿ ಮೊದಲು ಮಾಡಿದವರು ಕೊಲ್ಕತ್ತದಲ್ಲಿ ಹುಟ್ಟಿ ಬೆಳೆದ ನೆಲ್ಸನ್ ವಾಂಗ್ ಎಂದು ಹೇಳುತ್ತಾರೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ನಮ್ಮದು. ಸೋಯಾ ಸಾಸು, ಜೋಳದ ಹಿಟ್ಟು ಅವರದು.

ಇಲ್ಲಿಯ ಚಿಂತೆ ಬೇರೆ. ಅದು ಬಣ್ಣ. 2024ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಈ ನಿಷೇಧ ಬಂತು. 39 ಮಾದರಿಗಳಲ್ಲಿ 8ರಲ್ಲಿ ಬಣ್ಣ ಸಿಕ್ಕಿತ್ತು. ನಾವು ಹಲಾಲ್ ಎಂದು ನೋಡುತ್ತೇವೆ, ತಯ್ಯಿಬ್ ಅಂದರೆ ಶುದ್ಧವೂ ಹಿತವೂ ಆಗಿರಬೇಕೆಂಬುದನ್ನು ಮರೆಯುತ್ತೇವೆ. ಕಣ್ಣು ಕುಕ್ಕುವ ಕೆಂಪು ಕಂಡರೆ ಮಾರುವವನು ನಮ್ಮ ಮಹಲ್ಲಾದವನೇ ಆಗಿದ್ದರೂ ಮುಂದೆ ನಡೆಯುವುದು ಒಳ್ಳೆಯದು. ಬಣ್ಣ ಬೇಡವೆಂದರೆ ಹಾಕದೆ ಮಾಡಿಕೊಡುವವರೂ ಇದ್ದಾರೆ. ಮಾಡಿಸಿಕೊಂಡು ತಿಂದಿದ್ದೇವೆ, ರುಚಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಹೆಬ್ಬಾಳ ದಾಟಿ ಥಣಿಸಂದ್ರ, ಹೆಗಡೆ ನಗರದ ಕಡೆ ಹೋದರೆ ಮಂದಿ ಹೋಟೆಲುಗಳು. ‘ಅಮ್ಮೀ, ಇದು ಏಷ್ಯನ್ ಅಲ್ಲ, ಅರೇಬಿಯನ್’ ಎಂದು ಮಗಳು ತಕರಾರು ತೆಗೆದಳು. ಯಮನ್ ಯಾವ ಖಂಡದಲ್ಲಿದೆ ಎಂದು ಕೇಳಿದೆ. ಸುಮ್ಮನಾದಳು. ಮಂದಿ ಯಮನಿನ ಹದ್ರಮೌತ್ ಪ್ರದೇಶದ ಅಡುಗೆ. ನೆಲದಲ್ಲಿ ತೋಡಿದ ಒಲೆಯೊಳಗೆ ಅನ್ನದ ಮೇಲೆ ಮಾಂಸ ಇಟ್ಟು ಮುಚ್ಚುತ್ತಾರೆ, ಮಾಂಸದ ರಸ ಅನ್ನಕ್ಕೆ ತೊಟ್ಟಿಕ್ಕುತ್ತದೆ. ಮಸಾಲೆ ಕಡಿಮೆಯಾದ್ದರಿಂದ ವಯಸ್ಸಾದವರ ಹೊಟ್ಟೆಗೂ ಹಿತ. ಎಷ್ಟೋ ಕಡೆ ಹೆಂಗಸರಿಗೆ ಪರದೆಯಿರುವ ಕೋಣೆಗಳಿವೆ, ನೆಲದ ಮೇಲೆ ಕುಳಿತು ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಅತ್ತೆಯವರಿಗೆ ಮಂಡಿನೋವು. ಅವರಿಗೊಂದು ಕುರ್ಚಿ ಹಾಕಿಸಿ ನಾವೆಲ್ಲ ಕೆಳಗೆ ಕುಳಿತೆವು. ‘ನಾನೊಬ್ಬಳೇ ನವಾಬ’ ಎಂದು ಅವರಿಗೆ ನಗು.

ಬ್ಯಾಟರಾಯನಪುರದ ಹತ್ತಿರ 2023ರಲ್ಲಿ ತೆರೆದ ದೊಡ್ಡ ಮಾಲಿನ ಹೆಸರೇ ಮಾಲ್ ಆಫ್ ಏಷ್ಯಾ. ಇಂಥ ಮಾಲುಗಳ ಫುಡ್ ಕೋರ್ಟುಗಳಲ್ಲಿ ಒಂದು ಕೌಂಟರಿನ ಉತ್ತರ ಪಕ್ಕದ ಕೌಂಟರಿಗೆ ಅನ್ವಯಿಸುವುದಿಲ್ಲ, ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಬೇಕು. ಯಶವಂತಪುರದ ಕಡೆಯ ದೊಡ್ಡ ಹೋಟೆಲುಗಳಲ್ಲಿ ಮದ್ಯವನ್ನೂ ಕೊಡುವುದರಿಂದ ನಮ್ಮವರು ಅಲ್ಲಿಗೆ ಒಪ್ಪಲಿಲ್ಲ.

ಯಲಹಂಕದ್ದು ಬೇರೆಯೇ ಕಥೆ. ನ್ಯೂ ಟೌನಿನ ನೆರಳಿನ ಬೀದಿಗಳಲ್ಲಿ ಸಂಜೆ ಮಕ್ಕಳನ್ನು ಕರೆದುಕೊಂಡು ನಿಶ್ಚಿಂತೆಯಿಂದ ನಡೆಯಬಹುದು. ಸುತ್ತಲಿನ ಕಾಲೇಜುಗಳಿಗೆ ಈಶಾನ್ಯ ರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿದ್ದಾರೆ. ಅವರೊಂದಿಗೆ ಮೊಮೊ, ಥುಕ್ಪಾ ಕೂಡ ಬಂದಿವೆ. ಮೊಮೊ ಟಿಬೆಟಿನದು. ಕರ್ನಾಟಕಕ್ಕೆ ಅದು ಹೊಸತಲ್ಲ, ಬೈಲುಕುಪ್ಪೆಯಲ್ಲಿ ಟಿಬೆಟಿಯನ್ನರ ನೆಲೆ ಶುರುವಾದದ್ದು 1961ರಲ್ಲೇ. ಕೋಳಿ ಮೊಮೊ, ಹಂದಿ ಮೊಮೊ ಎರಡನ್ನೂ ಮಾರುವವರು ಬುಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬೇಯಿಸುವುದುಂಟು, ಮೇಲಿನದರ ರಸ ಕೆಳಗಿನದಕ್ಕೆ ಇಳಿಯುತ್ತದೆ. ಒಂದು ಗಾಡಿಯ ಹುಡುಗಿಯನ್ನು ಈ ಬಗ್ಗೆ ಕೇಳಿದೆ. ಬೇಸರಿಸಲಿಲ್ಲ. “ಆಂಟಿ, ನೀವು ತರಕಾರಿಯದ್ದೂ ತಿನ್ನಬೇಡಿ, ಬುಟ್ಟಿ ಒಂದೇ” ಎಂದು ತಾನೇ ತಡೆದಳು. ನಾನು ಇಷ್ಟು ದಿನ ಹೆದರಿದ್ದು ಯಾರಿಗೆ ಎನ್ನಿಸಿತು.

ಟಿಬೆಟಿನಲ್ಲೂ ಮುಸ್ಲಿಮರಿದ್ದಾರೆ. 1959ರ ನಂತರ ಅಲ್ಲಿಂದ ಬಂದ ಎಷ್ಟೋ ಕುಟುಂಬಗಳು ಶ್ರೀನಗರದಲ್ಲಿ ನೆಲೆಸಿವೆ. ಅವರ ಮೊಮೊ ಹಲಾಲ್ ಮಾಂಸದ್ದೇ. ಉಜ್ಬೇಕಿಸ್ತಾನ, ತುರ್ಕಿಗಳಲ್ಲಿ ಇಂಥ ತಿನಿಸಿಗೆ ಮಂತಿ ಎನ್ನುತ್ತಾರೆ. ಚೀನಾದ ಗಾನ್ಸು ಪ್ರಾಂತದ ಹುಯಿ ಮುಸ್ಲಿಮರ ಲಾಂಝೌ ನೂಡಲ್ಸ್ ಆ ದೇಶದ ಉದ್ದಗಲಕ್ಕೂ ಹೆಸರಾಗಿದೆ. ಹಲಾಲಿಗೆ ಅಲ್ಲಿ ‘ಚಿಂಗ್‌ಜೆನ್’ ಎನ್ನುತ್ತಾರೆ, ಶುದ್ಧ ಮತ್ತು ಸತ್ಯ ಎಂದು ಅರ್ಥ. ಥಾಯ್ ಹೋಟೆಲಿನ ಮಸ್ಸಮನ್ ಸಾರಿನ ಹೆಸರು ಮುಸಲ್ಮಾನ್ ಎಂಬುದರಿಂದಲೇ ಬಂದದ್ದು. ರೆಂದಾಂಗ್ ಪಶ್ಚಿಮ ಸುಮಾತ್ರಾದ ಮಿನಂಗ್‌ಕಬೌ ಮುಸ್ಲಿಮರ ಹಬ್ಬದ ಅಡುಗೆ. ಅಷ್ಟು ದೂರವೇಕೆ, ಬರ್ಮಾದ ನೂಡಲ್ಸನ್ನು ಮೆಮನ್ ಮನೆಗಳಲ್ಲಿ ಖೌಸಾ ಎಂದು ಮಾಡುತ್ತಾರೆ. ಭಟ್ಕಳದ ನವಾಯತರು ಶಾವಿಗೆಯಲ್ಲೇ ಬಿರಿಯಾನಿ ಮಾಡುತ್ತಾರೆ. ಏಷ್ಯನ್ ಊಟವೆಂದರೆ ಪರರದು ಎಂದು ಅಂಜುವ ಕಾರಣವಿಲ್ಲ. ವಿಚಾರಿಸಬೇಕು, ಅಷ್ಟೆ.

ವಿಚಾರಿಸುವುದು ಹೇಗೆ? ನಾನು ಕಲಿತ ಮೊದಲ ಪಾಠವೆಂದರೆ ‘ಹಲಾಲಾ?’ ಎಂದು ಕೇಳಬಾರದು. ಎಲ್ಲರೂ ಹೌದು ಎಂದುಬಿಡುತ್ತಾರೆ, ಅವರಿಗೆ ಗಿರಾಕಿ ಬೇಕು. ಹೌದು, ಇಲ್ಲ ಎಂದು ಹೇಳಿ ಮುಗಿಸಲಾಗದ ಪ್ರಶ್ನೆ ಕೇಳಬೇಕು. ಕೋಳಿ ಯಾವ ಅಂಗಡಿಯಿಂದ ತರುತ್ತೀರಿ? ಸೂಪಿನ ಸಾರು ಯಾವ ಮೂಳೆಯದು? (ಜಪಾನಿನ ರಾಮೆನ್‌ನಲ್ಲಿ ತೊಂಕೊತ್ಸು ಎಂದಿದ್ದರೆ ಅದು ಹಂದಿ ಮೂಳೆಯ ಸಾರು.) ಹಂದಿಯ ಅಡುಗೆಗೆ ಯಾವ ಬಾಣಲೆ? ಬಾಣಲೆಗೆ ಏನೇನು ಸುರಿಯುತ್ತೀರಿ? ಕೊನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು. ಚೀನೀ ಅಡುಗೆಯಲ್ಲಿ ಶಾವೊಶಿಂಗ್, ಜಪಾನಿನದರಲ್ಲಿ ಮಿರಿನ್, ಸಾಕೆ ಇವೆಲ್ಲ ಅಕ್ಕಿಯ ಮದ್ಯಗಳು. ಬೇಯುವಾಗ ಹಾರಿಹೋಗುತ್ತದೆ ಎಂದು ಹೇಳುವುದುಂಟು. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ 15 ನಿಮಿಷ ಬೆಂದ ಮೇಲೂ ಶೇ. 40ರಷ್ಟು ಉಳಿದಿರುತ್ತದೆ. ಬಾಣಲೆಯಲ್ಲಿ ನೂಡಲ್ಸ್ ಹುರಿಯಲು ಐದು ನಿಮಿಷವೂ ಬೇಡ. ಉಳಿಯಲಿ ಹಾರಲಿ, ಗೊತ್ತಿದ್ದೂ ಸುರಿದದ್ದು ನಮಗೆ ಬೇಡ.

ಕೇಳುವ ಸಮಯವೂ ಮುಖ್ಯ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅಡುಗೆಮನೆಗೆ ಬಿಡುವಿರುತ್ತದೆ. ಆಗ ಫೋನ್ ಮಾಡಿದರೆ ಅಡುಗೆಯವರೇ ಮಾತಿಗೆ ಸಿಗುತ್ತಾರೆ, ಪಕ್ಕದ ಮೇಜಿನವರ ಸಂಕೋಚವೂ ಇರುವುದಿಲ್ಲ. ಹಸಿರು ಚುಕ್ಕೆಯನ್ನು ನಂಬಿ ಕೂರಬೇಡಿ. ಅದು ಮಾಂಸವಿಲ್ಲ ಎನ್ನುತ್ತದೆ, ಮದ್ಯವಿಲ್ಲ ಎನ್ನುವುದಿಲ್ಲ. ಮಕ್ಕಳು ತರುವ ಕೊರಿಯಾದ ನೂಡಲ್ಸ್ ಪೊಟ್ಟಣದ ಮೇಲೆ ಹಲಾಲ್ ಮುದ್ರೆಯನ್ನು ಪ್ರತಿ ಸಲವೂ ನೋಡಬೇಕು. ಒಂದೇ ಹೆಸರಿನ ಪೊಟ್ಟಣ ಮುದ್ರೆಯಿದ್ದೂ ಇಲ್ಲದೆಯೂ ಬರುತ್ತದೆ. ಹಾಗೆಂದು ಮುದ್ರೆಯೇ ಎಲ್ಲವೂ ಅಲ್ಲ. ಮುಸ್ಲಿಮರೇ ಬಹುಸಂಖ್ಯಾತರಾದ ಇಂಡೋನೇಷ್ಯಾದಲ್ಲಿ 2001ರಲ್ಲಿ ಅಜಿನೊಮೊಟೊ ಪುಡಿಯನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ತಯಾರಿಕೆಯ ಒಂದು ಹಂತದಲ್ಲಿ ಹಂದಿಯ ಕಿಣ್ವ ಬಳಕೆಯಾಗಿತ್ತು.

ಇನ್ನು ಸಮುದ್ರದ ಆಹಾರ. ಇಲ್ಲಿ ನಮ್ಮ ಮನೆಯೊಳಗೇ ಎರಡು ಪಕ್ಷ. ನಾನು ಕರಾವಳಿಯವಳು, ಶಾಫಿ. ಸಿಗಡಿ, ಬೊಂಡಾಸ್ ತಿಂದು ಬೆಳೆದವಳು. ನನ್ನವರು ಬೆಂಗಳೂರಿನವರು, ಹನಫಿ. ಆ ಮದ್‌ಹಬ್‌ನಲ್ಲಿ ಸಮುದ್ರದಿಂದ ಮೀನು ಮಾತ್ರ. ಸಿಗಡಿ ಮೀನೋ ಅಲ್ಲವೋ ಎಂದು ಅವರ ಉಲಮಾಗಳಲ್ಲೇ ಎರಡು ಅಭಿಪ್ರಾಯ. ಏಡಿಯ ಬಗ್ಗೆ ಶಾಫಿಗಳಲ್ಲೂ ಚರ್ಚೆಯಿದೆ. ಚೀನೀ ಅಡುಗೆಯ ಆಯ್ಸ್ಟರ್ ಸಾಸು ಸಿಂಪಿಯಿಂದ ಮಾಡಿದ್ದು. ಥಾಯ್ ಸಾರುಗಳಲ್ಲೂ ಕೊರಿಯಾದ ಕಿಮ್ಚಿಯಲ್ಲೂ ಸಿಗಡಿ ಸೇರಿರುವುದು ಸಾಮಾನ್ಯ. ಹಾಗಾಗಿ ನನಗೆ ಸಲ್ಲುವ ಬಟ್ಟಲು ಅವರಿಗೆ ಸಲ್ಲದೆ ಹೋಗಬಹುದು. ಮದುವೆಯಾದ ಹೊಸತರಲ್ಲಿ ಇದಕ್ಕೆ ಮುನಿಸೂ ಆಗಿತ್ತು. ಈಗ ನನ್ನ ಬಟ್ಟಲು ನನ್ನ ಮುಂದೆ, ಅವರದು ಅವರ ಮುಂದೆ. ಮಕ್ಕಳು ಎರಡೂ ಕಡೆಯ ನ್ಯಾಯಾಧೀಶರು.

ಕಳೆದ ತಿಂಗಳು ಮತ್ತೆ ಹೋದೆವು. ಬಡಾವಣೆಯ ಒಳಗಿನ ಸಣ್ಣ ಜಾಗ, ಆರೇ ಮೇಜು. ಈ ಸಲ ಫೋನ್ ಮಾಡಿದ್ದು ಮಗಳು. ಕೋಳಿ ಯಾವ ಅಂಗಡಿಯದು, ಸಾರು ಯಾವುದರದು, ಬಾಣಲೆಗೆ ಏನು ಸುರಿಯುತ್ತೀರಿ ಎಂದು ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ ಒಂದೊಂದಾಗಿ ಕೇಳಿದಳು. ನಾವು ಕುಳಿತ ಮೇಲೆ ಅಡುಗೆಯವರು ತಾವಾಗಿಯೇ ಹೊರಬಂದು ಸಾಸಿನ ಬಾಟಲಿಯನ್ನು ಅವಳ ಮುಂದಿಟ್ಟು, “ಓದಿ ನೋಡಿ ತಂಗಿ” ಎಂದರು. ಓದಿದಳು. ಅಪ್ಪನ ಬಟ್ಟಲಿಗೆ ಆಯ್ಸ್ಟರ್ ಸಾಸು ಬೇಡ ಎಂದಳು. ಅವರು ತಲೆಯಾಡಿಸಿ ಒಳಗೆ ಹೋದರು.

ನೂಡಲ್ಸ್ ಬಂತು. ಅತ್ತೆ ಚಮಚದಲ್ಲಿ ಸಾರನ್ನು ರುಚಿ ನೋಡಿದರು, ಆಮೇಲೆ ಒಂದು ಎಳೆ ಎಳೆದುಕೊಂಡರು.

“ಇದು ನಮ್ಮ ಶಾವಿಗೆಯೇ ಅಲ್ಲವೇ? ಖಾರ ಹಾಕಿದ್ದಾರೆ ಅಷ್ಟೆ. ಒಂದು ನಿಂಬೆಹೋಳು ಇದ್ದರೆ ತರಲು ಹೇಳಮ್ಮಾ” ಎಂದರು.