ಕತ್ತಿನ ನರ ಅದುಮಿದಾಗ

ಹೊರೆ ಹೊರುವ ರೈತ ಬಾಂಧವರಿಗೆ ಕೈಬೆರಳು ಜೋಮು ಹಿಡಿದರೆ ಬೆರಳಿಗೆ ಎಣ್ಣೆ ತಿಕ್ಕುವುದು ವಾಡಿಕೆ. ಆದರೆ ದೋಷ ಅನೇಕ ವೇಳೆ ಕತ್ತಿನಲ್ಲಿರುತ್ತದೆ. ತೂಬಿನಲ್ಲಿ ಕಸ ಸಿಕ್ಕಿದರೆ ಒಣಗುವುದು ಕೊನೆಯ ಮಡಿಯಲ್ಲವೇ? ಕತ್ತಿನಲ್ಲಿ 7 ಮೂಳೆಗಳಿದ್ದು, ಅವುಗಳ ಪಕ್ಕದಿಂದ 8 ಜೊತೆ ನರಗಳು ಹೊರಡುತ್ತವೆ. ಮೂಳೆಗಳ ನಡುವಣ ಮೆತ್ತೆ ಉಬ್ಬಿದರೆ ಅಥವಾ ಮೂಳೆಯ ಅಂಚು ಬೆಳೆದರೆ ನರ ಇರುಕಿಗೆ ಸಿಕ್ಕುತ್ತದೆ. 6ನೆಯ ನರವಾದರೆ ಸಾಮಾನ್ಯವಾಗಿ ಹೆಬ್ಬೆರಳು, 7ನೆಯದಾದರೆ ನಡುಬೆರಳು ಜುಮುಗುಟ್ಟುತ್ತದೆ.

ಅಂಜನಾಪುರದಲ್ಲಿ ವಾಸವಾಗಿರುವ ನನಗೂ, 16 ಲೀಟರಿನ ಸಿಂಪರಣಾ ಯಂತ್ರವನ್ನು ಬೆನ್ನಿಗೆ ಹೊತ್ತು ಪ್ರಾತ್ಯಕ್ಷಿಕೆ ನಡೆಸಿದ ಮರುದಿನ ಇದೇ ಆಯಿತು. ಕೈಯನ್ನು ನೆತ್ತಿಯ ಮೇಲಿಟ್ಟಾಗ ಮಾತ್ರ ನೋವು ತಗ್ಗುತ್ತಿತ್ತು. ವೈದ್ಯರಿಗೆ ಅದೂ ಒಂದು ಗುರುತು. ಕ್ಷೌರದಂಗಡಿಯಲ್ಲಿ ಕತ್ತು ಲಟಕ್ಕೆನಿಸಿಕೊಂಡದ್ದು ನನ್ನ ದಡ್ಡತನ. ನೋವು ಇಮ್ಮಡಿಯಾಯಿತು.

ಬಹುಪಾಲು ಜನರಿಗೆ 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಗುಣ ಕಂಡುಬರುತ್ತದೆ. ಅಲ್ಲಿಯವರೆಗೆ ತಲೆಹೊರೆ ಬಿಡಬೇಕು. ಎತ್ತರವಿಲ್ಲದ ಒಂದೇ ದಿಂಬು ಸೂಕ್ತ. ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ನುಂಗಬೇಕು, ನೋವು ಇಳಿದ ಮೇಲೆ ವ್ಯಾಯಾಮ ಕಲಿಯಬೇಕು. ಕತ್ತಿನ ಪಟ್ಟಿಯನ್ನು ತಿಂಗಳುಗಟ್ಟಲೆ ಕಟ್ಟಿದರೆ ಸ್ನಾಯುಗಳು ಸೊರಗುತ್ತವೆ. ಆದರೆ ಕೈಹಿಡಿತ ಸಡಿಲವಾದರೆ, ನಡಿಗೆ ತೂರಾಡಿದರೆ, ಮೂತ್ರದ ಹತೋಟಿ ತಪ್ಪಿದರೆ ಒಂದು ದಿನವೂ ಕಾಯಬಾರದು. ನಮ್ಮ ಕಡೆಯವರಿಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆ ಇದೆ.