ಮೀಸೆಗೂ ಕಂಬಿಗೂ ಒಂದೇ ಹೆಸರು

ಮಾಳಿಗೆಗಳ ಮೇಲಿನ ಟಿ.ವಿ. ಆಂಟೆನಾ ಇಳಿದುಹೋದ ಮೇಲೆ ಆ ವಸ್ತುವಿನ ಕಾಲವೇ ಮುಗಿಯಿತು ಎಂದುಕೊಂಡವರು ಬಹಳ. ತಿಪ್ಪೇರುದ್ರಸ್ವಾಮಿಯ ತೇರಿಗೆ ಹೆಸರಾದ, ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ಸೀಮೆಯಲ್ಲಿ ನಿಂತು ಆ ಮಾತು ಹೇಳಲಾಗದು. ಊರಿಗೆ ಹತ್ತಿರದ ವರವು ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರವಿದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಚಿನೂಕ್ ಹೆಲಿಕಾಪ್ಟರೊಂದು ಇಸ್ರೊದ ಮರುಬಳಕೆ ಉಡಾವಣಾ ವಾಹನವನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಚಾಲಕನಿಲ್ಲದ ಆ ವಾಹನ ತಾನೇ ದಾರಿ ಹಿಡಿದು ರನ್‌ವೇಗೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ‘ಪುಷ್ಪಕ್’ ಹೆಸರಿನಲ್ಲಿ ಅದೇ ಸಾಹಸ ಮತ್ತೆ ನಡೆಯಿತು. ಆ ಇಳಿಕೆಗೆ ನೆರವಾದವುಗಳನ್ನು ನೋಡಿ: ನೆಲದ ದೂರ ಅಳೆಯುವ ರೇಡಾರ್ ಆಲ್ಟಿಮೀಟರ್, ನಾವಿಕ್ ಉಪಗ್ರಹಗಳ ಸಂಕೇತ ಹಿಡಿಯುವ ರಿಸೀವರ್, ಉಪಗ್ರಹದಂತೆಯೇ ನೆಲದಿಂದ ಸಂಕೇತ ಕಳಿಸುವ ಸ್ಯೂಡೋಲೈಟ್, ಇವುಗಳಲ್ಲಿ ಆಂಟೆನಾ ಇಲ್ಲದೆ ನಡೆಯುವಂಥದ್ದು ಒಂದೂ ಇಲ್ಲ.

ಆದರೆ ಆಂಟೆನಾ ಎಂದರೆ ಇಷ್ಟೇ ಅಲ್ಲ. ಲ್ಯಾಟಿನ್ನಿನಲ್ಲಿ ಅದು ಹಡಗಿನ ಹಾಯಿ ಕಟ್ಟುವ ಅಡ್ಡಮರ. ಹದಿನೈದನೆಯ ಶತಮಾನದಲ್ಲಿ ಅರಿಸ್ಟಾಟಲನ ಪ್ರಾಣಿಗ್ರಂಥವನ್ನು ಲ್ಯಾಟಿನ್ನಿಗೆ ತಂದ ಥಿಯೊಡೋರ್ ಗಾಜಾ, ಕೀಟಗಳ ಕೊಂಬಿಗೆ ಆ ಪದ ಬಳಸಿದ. ಲೋಹದ ಕಂಬಿಗೆ ಅದು ಅಂಟಿಕೊಂಡದ್ದು ಮಾರ್ಕೋನಿಯ ಕಾಲದಲ್ಲಿ. ಕನ್ನಡ ಈ ಎರಡನ್ನೂ ಬೇರೆಬೇರೆಯಾಗಿಯೇ ಬರಮಾಡಿಕೊಂಡಿತು. ಕೀಟದ್ದು ಕುಡಿಮೀಸೆಯಾಯಿತು, ರೇಡಿಯೋದ್ದು ಆಂಟೆನಾ ಆಗಿಯೇ ಉಳಿಯಿತು. ಹೀಗಾಗಿ ಕನ್ನಡದಲ್ಲಿ ಕಲಿಯುವ ಮಗುವಿಗೆ ಜೀವಶಾಸ್ತ್ರದ ಒಂದು ಅಂಗಕ್ಕೂ ಭೌತಶಾಸ್ತ್ರದ ಒಂದು ಸಾಧನಕ್ಕೂ ನಂಟಿದೆ ಎಂಬುದೇ ತಿಳಿಯುವುದಿಲ್ಲ. ಎರಡನ್ನೂ ಜೊತೆಯಲ್ಲಿಟ್ಟು ಕಲಿಸಬೇಕು. ಅದಕ್ಕೆ ಚಳ್ಳಕೆರೆ-ಮೊಳಕಾಲ್ಮೂರಿನಂಥ ಜಾಗ ಇನ್ನೊಂದಿಲ್ಲ.

ಏಕೆಂದರೆ ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ನೂಲು ಕೆಡಬಾರದೆಂದು ಗೂಡಿನೊಳಗಿನ ಜೀವವನ್ನು ಶಾಖ ಕೊಟ್ಟು ಕೊಲ್ಲುವುದರಿಂದ ನೇಕಾರರ ಕೈಗೆ ಬರುವುದು ನೂಲು ಮಾತ್ರ, ಚಿಟ್ಟೆ ಕಾಣಸಿಗುವುದು ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ. ಬಿಳಿಯ, ದಪ್ಪ ಹೊಟ್ಟೆಯ ಈ ಚಿಟ್ಟೆ ಏನನ್ನೂ ತಿನ್ನುವುದಿಲ್ಲ, ಹಾರಲೂ ಆರದು. ಗಂಡಿನ ತಲೆಯ ಮೇಲೆ ಬಾಚಣಿಗೆಯಂಥ ಎರಡು ಕುಡಿಮೀಸೆ. ಹೆಣ್ಣಿನ ವಾಸನೆಯ ಒಂದೆಳೆ ಗಾಳಿಯಲ್ಲಿ ತೇಲಿಬಂದರೂ ಸಾಕು, ಅದು ರೆಕ್ಕೆ ಪಟಪಟ ಬಡಿಯುತ್ತ ಆ ಕಡೆಗೇ ನಡೆಯುತ್ತದೆ. ಮೀಸೆ ಕತ್ತರಿಸಿದರೆ ಹೆಣ್ಣು ಪಕ್ಕದಲ್ಲಿದ್ದರೂ ಅದಕ್ಕೆ ಗೊತ್ತಾಗದು. ಆ ವಾಸನೆಯ ದ್ರವ್ಯ ಬಾಂಬಿಕಾಲ್ ಎಂದು 1959ರಲ್ಲಿ ಗುರುತಿಸಿದ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ತಂಡಕ್ಕೆ ಸುಮಾರು ಐದು ಲಕ್ಷ ಹೆಣ್ಣು ಚಿಟ್ಟೆಗಳು ಬೇಕಾದವು. ಅಷ್ಟು ಅತ್ಯಲ್ಪವಾದದ್ದನ್ನು ಈ ಮೀಸೆ ಗಾಳಿಯಿಂದ ಸೋಸಿ ಹಿಡಿಯುತ್ತದೆ!

ಮೀಸೆ ಹಿಡಿಯುವುದು ರಾಸಾಯನಿಕವನ್ನು, ಕಂಬಿ ಹಿಡಿಯುವುದು ವಿದ್ಯುತ್ಕಾಂತ ಅಲೆಯನ್ನು. ಹೋಲಿಕೆ ಬರೀ ಆಕಾರದ್ದು ಎಂದು ಭೌತಶಾಸ್ತ್ರ ಬಲ್ಲವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಆಂಟೆನಾ ಸಂಕೇತವನ್ನು ಕಳಿಸಲೂ ಬಲ್ಲದು, ಮೀಸೆಗೆ ಅದು ಆಗದು. ಆದರೂ ಎರಡಕ್ಕೂ ಒಂದೇ ಕಟ್ಟುಪಾಡಿದೆ: ಹಿಡಿಯಬೇಕಾದುದಕ್ಕೆ ತಕ್ಕಂತೆ ಅಂಗದ ಅಳತೆ. 100 ಮೆಗಾಹರ್ಟ್ಸ್ ಆಸುಪಾಸಿನ ಎಫ್.ಎಂ. ಬಾನುಲಿಯ ಅಲೆಯ ಉದ್ದ ಮೂರು ಮೀಟರ್. ಅದಕ್ಕೆ ಒಂದೂವರೆ ಮೀಟರಿನ, ಎಂದರೆ ಅರ್ಧ ಅಲೆಯ ಆಂಟೆನಾ ಚೆನ್ನಾಗಿ ಒಗ್ಗುತ್ತದೆ. ಮೊಬೈಲಿನ 1800 ಮೆಗಾಹರ್ಟ್ಸ್ ಅಲೆ ಹದಿನೇಳು ಸೆಂಟಿಮೀಟರಿನಷ್ಟೇ ಇರುವುದರಿಂದ ಅದರ ಆಂಟೆನಾ ಫೋನಿನೊಳಗೇ ಅಡಗಿದೆ. ಮಾಳಿಗೆಯಿಂದ ಮರೆಯಾದದ್ದು ಜೇಬಿಗೆ ಬಂದು ಸೇರಿತು, ಅಷ್ಟೆ. ಗಂಡು ಚಿಟ್ಟೆಯ ಮೀಸೆ ಬಾಚಣಿಗೆಯಂತೆ ಕವಲೊಡೆದಿರುವುದೂ ಹೆಚ್ಚು ಗಾಳಿಗೆ ಮೈಯೊಡ್ಡಲೆಂದೇ.

ಎರಡು ಪದಗಳಿದ್ದರೆ ಗೊಂದಲ ಕಡಿಮೆ ಎಂಬ ವಾದ ಪರೀಕ್ಷೆಯ ಮಟ್ಟಿಗೆ ಸರಿಯೇ. ಕುಡಿಮೀಸೆ ಸೊಗಸಾದ ಪದ, ಅದನ್ನು ಬಿಡಬೇಕಿಲ್ಲ. ಕೀಟಗಳ ಪಾಠ ಮಾಡುವ ದಿನವೇ ನಾಯಕನಹಟ್ಟಿ ಹೋಬಳಿಯ ಶಿಕ್ಷಕರು ಒಂದು ಹಳೆಯ ಟ್ರಾನ್ಸಿಸ್ಟರಿನ ಕಡ್ಡಿಯನ್ನು ಎಳೆದು ತೋರಿಸಲಿ, ಮಕ್ಕಳನ್ನು ಬಿತ್ತನೆ ಕೋಠಿಗೂ ಒಮ್ಮೆ ಕರೆದೊಯ್ಯಲಿ. ಪುಷ್ಪಕ್ ಇಳಿದ ರನ್‌ವೇ ಅವರ ಊರಿನ ಪಕ್ಕದಲ್ಲೇ ಇದೆಯೆಂದೂ ಹೇಳಲಿ.